ಒಂಟಿಕಾಲಿನ ಕೊಕ್ಕರೆ

"ಟೋಪಿ ಒಂದ್ ಬಿಟ್ಟು ಎಲ್ಲಾ ತೆಗ್ದಾಯ್ತು. ಇನ್ನೇನು, ಚರ್ಮ ಸುಲಿದು ತೋರಿಸ್ಲಾ?"

ಮೈಲೋ ತನ್ನ ಜೇಬುಗಳನ್ನು ಒಳಗಿನ ಬಟ್ಟೆ ಸಮೇತ ಹೊರಗೆಳೆದುಕೊಂಡು ನಿಂತಿದ್ದ. ಮೇಜಿನ ಮೇಲೆ ಒಂದು ಕರವಸ್ತ್ರ, ಬಸ್ಸಿನ ಟಿಕೆಟು, ಪೆಪ್ಪರ್‌ಮಿಂಟ್ ಪೊಟ್ಟಣ ಬಿದ್ದಿದ್ದವು. ಜೊತೆಗೊಂದು ಹಿತ್ತಾಳೆಯ ಹಾಜರಿ ಬಿಲ್ಲೆ. ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಅವನು ಅದನ್ನು ಬಿಸಾಡಿರಲಿಲ್ಲ.

"ಟೋಪೀನೂ ತೆಗಿ," ಎಂದರು ಇಗ್ನಾಟ್ಸ್.

ತೆಗೆದ. ಅದರೊಳಗೆ ಬೋಳು ತಲೆ ಬಿಟ್ಟರೆ ಏನೂ ಇರಲಿಲ್ಲ. ಬೇರೆ ದಿನವಾಗಿದ್ದರೆ ಯಾರಾದರೂ ನಗುತ್ತಿದ್ದರು.

ಇಗ್ನಾಟ್ಸ್ ಸ್ಟೆಂಕೋ ನಮ್ಮ ಹಳೆಯ ಕಾರ್ಡು ಸಂಗ್ರಹಕಾರರ ಸಂಘದ ಅಧ್ಯಕ್ಷರು, ಎಂಬತ್ತರ ಹತ್ತಿರದ ಮುದುಕ. ಶನಿವಾರ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ನಮ್ಮ ಮೇಳ ಶುರುವಾದಾಗ ಅವರು ತಮ್ಮ ಮನೆತನದ ಬಡಗಿ ಪೆಟ್ಟಿಗೆಯನ್ನು ಮೊದಲ ಸಲ ಹೊರಗೆ ತಂದಿದ್ದರು. ಆ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅವರ ಅಣ್ಣ ಚಿಕ್ಕವನಿದ್ದಾಗ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಗೋಧಿಹಿಟ್ಟಿನ ಅಂಟಿನಲ್ಲಿ ಸಾಲಾಗಿ ಅಂಟಿಸಿದ್ದ. ಆ ಕಾಲದಲ್ಲಿ ಸಿಗರೇಟ್ ಪ್ಯಾಕಿನೊಳಗೆ ಒಂದೊಂದು ಚಿತ್ರ ಇಟ್ಟು ಮಾರುತ್ತಿದ್ದರು. ದೊಡ್ಡವರು ಸಿಗರೇಟು ಸೇದುತ್ತಿದ್ದರು, ಮಕ್ಕಳು ಚಿತ್ರ ಹೆಕ್ಕುತ್ತಿದ್ದರು. ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ಆ ರಟ್ಟಿನ ತುಂಡಿಗಾಗಿ ಇವತ್ತು ನಮ್ಮಂಥವರು ಮನೆಮಠ ಮರೆಯುತ್ತೇವೆ.

ಮುಚ್ಚಳದ ನಟ್ಟನಡುವೆ ಇದ್ದವನು ಡಚ್ ಓಬರ್. ಎಡಗೈಯಲ್ಲಿ ಚೆಂಡೆಸೆಯುವ ಪಿಚರ್. ಕಾರ್ಡು ಅಚ್ಚಾಗುತ್ತಿದ್ದಾಗಲೇ ತಂಡದವರ ಜೊತೆ ಜಗಳ ಆಡಿಕೊಂಡು ಊರಿಗೆ ಹೋಗಿಬಿಟ್ಟ, ಸಿಗರೇಟು ಕಂಪನಿಯವರು ಅವನ ಚಿತ್ರದ ಅಚ್ಚನ್ನು ಅಲ್ಲಿಗೇ ನಿಲ್ಲಿಸಿದರು. ಹೀಗಾಗಿ ಎಲ್ಲರ ಸಂಗ್ರಹದಲ್ಲೂ ಖಾಲಿ ಉಳಿಯುವ ಜಾಗ ಅವನದ್ದೇ. ನನ್ನ ಸಂಗ್ರಹದಲ್ಲೂ ಅಷ್ಟೇ.

ಇವತ್ತು ಭಾನುವಾರ ಬೆಳಿಗ್ಗೆ ಇಗ್ನಾಟ್ಸ್ ಮುಚ್ಚಳ ಎತ್ತಿದಾಗ ಅವನಿದ್ದ ಜಾಗದಲ್ಲಿ ಬರೀ ಮರ ಕಾಣಿಸಿತು.

"ನಿನ್ನೆ ಹಗಲು ಪೆಟ್ಟಿಗೆ ಪಕ್ಕ ಕೂತವ್ನು ನೀನು. ರಾತ್ರಿ ಕಾವಲು ಅಂತ ಇಲ್ಲೇ ಮಲಗಿದವ್ನೂ ನೀನು," ಇಗ್ನಾಟ್ಸರ ಧ್ವನಿ ಒಡೆಯಿತು. "ಬೇಲೀನೇ ಎದ್ದು ಹೊಲ ಮೇಯ್ದ್ರೆ ನಾನು ಯಾರಿಗೆ ಹೇಳ್ಲಿ ಮೈಲೋ?"

"ನಾನ್ ಮುಟ್ಟಿಲ್ಲ ಯಜಮಾನ್ರೇ. ನಮ್ಮಮ್ಮನಾಣೆ ಮುಟ್ಟಿಲ್ಲ."

"ಸಂಜೆ ಮೇಳ ಮುಗಿಯೋದ್ರೊಳಗೆ ನನ್ನಣ್ಣನ ಕಾರ್ಡು ಈ ಮೇಜಿನ ಮೇಲಿರ್ಬೇಕು. ಇಲ್ದಿದ್ರೆ ಮೈಕಲ್ಲಿ ನಿನ್ನ ಹೆಸರು ಹೇಳಿ ಹೊರಗೆ ಹಾಕ್ತೀನಿ. ಒಹಾಯೋದಿಂದ ಬಾಲ್ಟಿಮೋರ್ ತನಕ ಯಾವ ಮೇಳದಲ್ಲೂ ನಿನಗೆ ಮೇಜು ಸಿಗಲ್ಲ."

ಮೈಲೋನ ಮುಖ ಸುಣ್ಣ ಬಳಿದ ಹಾಗಾಯಿತು. ಹೆಂಡತಿ ಸತ್ತು, ಕೆಲಸ ಹೋಗಿ, ಪಿಟ್ಸ್‌ಬರ್ಗಿನಿಂದ ನದಿಗುಂಟ ಕೆಳಗೆ ಬಂದರೆ ಸಿಗುವ ನಮ್ಮ ಈ ಹೊಗೆ ನಿಂತ ಊರಿನಲ್ಲಿ ಅವನಿಗೆ ಉಳಿದಿದ್ದು ಇದೊಂದೇ. ಮೇಳದ ಮೇಜಿನ ಹಿಂದೆ ಕೂತಾಗ ನಾಲ್ಕು ಜನ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅದೂ ಹೋದರೆ ಅವನು ಯಾರೂ ಅಲ್ಲ.

ಇಗ್ನಾಟ್ಸ್ ನನ್ನ ಕಡೆ ತಿರುಗಿದರು. "ಕ್ಯಾಸ್ಪರ್, ನೀನು ರೈಲ್ವೇಲಿ ಕಳ್ಳರನ್ನ ಹಿಡಿದವ್ನು. ಸಂಜೆ ತನಕ ನೋಡು. ಆಮೇಲೆ ನನ್ನ ಕೇಳ್ಬೇಡ."

ಮೈಲೋ ಟೋಪಿಯನ್ನು ಮುದುಡಿ ಹಿಡಿದುಕೊಂಡು, ಅಳು ತಡೆಯಲಾರದೆ ಅಡುಗೆಮನೆ ಕಡೆ ಹೋದ. ಅಲ್ಲಿ ನನ್ನ ಹೆಂಡತಿ ಬರ್ನೀಸ್ ಇದ್ದಳು. ಮೇಳದ ಅಡುಗೆಯ ಉಸ್ತುವಾರಿ ಪ್ರತಿ ವರ್ಷವೂ ಅವಳದ್ದೇ. ಒಂದು ಲೋಟ ನೀರಾದರೂ ಕೊಟ್ಟು ಸಮಾಧಾನ ಹೇಳುತ್ತಾಳೆ ಎಂದುಕೊಂಡು ನಾನು ಪೆಟ್ಟಿಗೆಯ ಮುಂದೆ ಮಂಡಿಯೂರಿದೆ.

ನಿಜ ಹೇಳಿಬಿಡುತ್ತೇನೆ. ನಿನ್ನೆ ಆ ಕಾರ್ಡನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು. ಮೂವತ್ತು ವರ್ಷ ನಾನು ಹುಡುಕಿದ್ದು, ಈ ಮುದುಕನ ಉಳಿ ಸುತ್ತಿಗೆಗಳ ಮೇಲೆ ಧೂಳು ತಿನ್ನುತ್ತಾ ಕೂತಿತ್ತು. ಕಾಣೆಯಾಯಿತು ಎಂದು ಕೇಳಿದಾಗ ಮೊದಲು ಆದದ್ದು ದುಃಖವಲ್ಲ. ಸದ್ಯ, ನನಗಿಲ್ಲದ್ದು ಇವರಿಗೂ ಇಲ್ಲವಾಯಿತಲ್ಲ ಎಂಬ ಹಾಳು ಸಂತೋಷ.

ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿ ಇಟ್ಟೆ.

ಕಾರ್ಡನ್ನು ಚಾಕುವಿನಿಂದ ಎಬ್ಬಿಸಿರಲಿಲ್ಲ. ಮರದ ಮೇಲೆ ಒಂದು ಗೀರೂ ಇಲ್ಲ. ಅಕ್ಕಪಕ್ಕದ ಕಾರ್ಡುಗಳ ಅಂಚು ಮಾತ್ರ ತೇವ ಹೀರಿ ಸ್ವಲ್ಪ ಉಬ್ಬಿದ್ದವು. ಹಿಟ್ಟಿನ ಅಂಟಿಗೆ ನೀರೇ ಶತ್ರು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹಳೆಯ ಆಲ್ಬಮ್ಮಿನಲ್ಲಿ ಅಂಟಿದ ಕಾರ್ಡುಗಳನ್ನು ನಾವೇ ತಟ್ಟೆಯ ನೀರಿನಲ್ಲಿ ತೇಲಿಸಿ ಬಿಡಿಸುತ್ತೇವೆ. ಇಲ್ಲಿ ಯಾರೋ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಕಾರ್ಡಿನ ಮೇಲೆ ಒತ್ತಿಟ್ಟು, ಅಂಟು ಮೆತ್ತಗಾಗುವ ತನಕ ಕಾದಿದ್ದರು.

ಮೂಗು ಹತ್ತಿರ ತಂದೆ. ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ.

ಮುಚ್ಚಳದ ಅಂಚಿನ ಸಿಬಿರಿಗೆ ಒಂದು ನೀಲಿ ದಾರದ ಎಳೆ ಸಿಕ್ಕಿಕೊಂಡಿತ್ತು. ಈ ಸಭಾಂಗಣದ ಅಡುಗೆಮನೆಯಲ್ಲಿ ಪಾತ್ರೆ ಒರೆಸುವ ಬಟ್ಟೆಗಳಿಗೆಲ್ಲ ನೀಲಿ ಪಟ್ಟಿ.

ಅಲ್ಲಿಗೆ ನಿನ್ನೆ ಮಧ್ಯಾಹ್ನದ ಊಟದ ಹೊತ್ತು ನನ್ನ ಕಣ್ಣಿಗೆ ಕಟ್ಟಿತು. ಊಟಕ್ಕೆ ಮುಂಚೆ ಎಲ್ಲರೂ ತಮ್ಮ ಮೇಜಿಗೆ ಬಟ್ಟೆ ಹೊದಿಸಿ ಸಭಾಂಗಣದ ಆ ತುದಿಗೆ ಹೋಗುವುದು ನಮ್ಮ ಕಟ್ಟುಪಾಡು. ಬೆಣ್ಣೆ ಮೆತ್ತಿದ ಕೈ ಕಾರ್ಡಿನ ಹತ್ತಿರ ಬರಕೂಡದು. ಎಲ್ಲರೂ ಪಿರೋಗಿ ಕಡುಬಿನ ಮುಂದೆ ಕೂತಿದ್ದಾಗ ಒಬ್ಬ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನೀಲಿ ಪಟ್ಟಿಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಗುತ್ತಿದ್ದ. ಕ್ಲೇಟನ್ ಪ್ರೂಯಿಟ್. ಅವನ ಪಕ್ಕದಲ್ಲಿ ಬರ್ನೀಸೂ ನಗುತ್ತಿದ್ದಳು.

ಆ ನಗು ನಿನ್ನೆಯಿಂದ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಈಗ ಅದಕ್ಕೊಂದು ಕೆಲಸ ಸಿಕ್ಕಿತು. ಕಳ್ಳ ಕ್ಲೇಟನ್ನೇ ಆಗಿರಲಿ ದೇವರೇ ಎಂದು ನಾನು ಮಂಡಿಯೂರಿದ್ದಲ್ಲೇ ಬೇಡಿಕೊಂಡೆ.

ಏಳುವ ಮುಂಚೆ ಟಾರ್ಚನ್ನು ಇನ್ನೊಂದು ಪಕ್ಕದಿಂದ ಬಿಟ್ಟೆ. ಆಗ ಕಾಣಿಸಿತು. ಖಾಲಿ ಜಾಗದ ಮರದ ಮೇಲೆ, ಒಣಗಿದ ಅಂಟಿನ ಪೊರೆಯಲ್ಲಿ, ಕಂಡೂ ಕಾಣದ ಹಾಗೆ ಹಸಿರು ಶಾಯಿಯ ಗುರುತು. ಉದ್ದ ಕೊಕ್ಕು. ಬಾಗಿದ ಕುತ್ತಿಗೆ. ಒಂದೇ ಕಾಲು.

ಭೂತಗನ್ನಡಿಯನ್ನು ಇನ್ನೂ ಹತ್ತಿರ ತಂದೆ.

ಪ್ರತಿ ಕಾರ್ಡಿನ ಬೆನ್ನಿನ ಮೇಲೂ ಯಾವುದಾದರೊಂದು ಸಿಗರೇಟಿನ ಜಾಹೀರಾತು ಇರುತ್ತದೆ. ಹೆಚ್ಚಿನವು ಕೆಂಪು ಅಕ್ಷರದ ಬೆನ್ನುಗಳು, ಹುಡುಕಿದರೆ ಸಿಗುತ್ತವೆ. ಆದರೆ ಬಹುಬೇಗ ನೆಲಕಚ್ಚಿದ ಒಂದು ಸಿಗರೇಟು ಇತ್ತು. ಅದರ ಗುರುತು ಹಸಿರು ಕೊಕ್ಕರೆ. ಕೊಕ್ಕರೆ ಬೆನ್ನಿನ ಡಚ್ ಓಬರ್ ಇದೆಯಂತೆ ಎಂದು ನಾವು ಕಥೆ ಹೇಳಿಕೊಳ್ಳುತ್ತಿದ್ದೆವೇ ಹೊರತು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಅಂಟಿಸಿದ ಇಗ್ನಾಟ್ಸರ ಅಣ್ಣ ಎಂದೋ ತೀರಿಕೊಂಡಿದ್ದ. ಅಂದಮೇಲೆ ಈ ಕಾರ್ಡಿನ ಬೆನ್ನು ಯಾವುದು ಎಂದು ಬಲ್ಲವರು ಇಡೀ ಭೂಮಿಯ ಮೇಲೆ ಇಬ್ಬರೇ. ಅದನ್ನು ಬಿಡಿಸಿ ತಿರುಗಿಸಿ ನೋಡಿದ ಕಳ್ಳ, ಮತ್ತು ನಾನು.

ಮುಚ್ಚಳ ಮುಚ್ಚಿ ಅದರ ಮೇಲೆ ನನ್ನ ಕೋಟು ಹಾಸಿದೆ. "ಯಾರೂ ತೆಗೀಬಾರ್ದು," ಎಂದು ಇಗ್ನಾಟ್ಸರಿಗೆ ಹೇಳಿದೆ. ಕೊಕ್ಕರೆಯ ವಿಷಯ ಅವರಿಗೂ ಹೇಳಲಿಲ್ಲ.

* * *

ಮೈಲೋ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಟೋಪಿ ಮತ್ತೆ ತಲೆ ಮೇಲಿತ್ತು. ಅಳು ನಿಂತಿತ್ತು.

"ನಿನ್ನೆ ಊಟ ಆದ್ಮೇಲೆ ಪೆಟ್ಟಿಗೆ ಮೇಲಿನ ಬಟ್ಟೆ ತೆಗೆದ್ಯಾ?" ಎಂದು ಕೇಳಿದೆ.

"ಇಲ್ಲ."

"ಅಂದ್ರೆ?"

"ತೆಗೀಲಿಲ್ಲ ಕಣೋ. ಸಂಜೆ ಬಟ್ಟೆ ಸಮೇತ ಮುಚ್ಚಳ ಇಳಿಸಿಬಿಟ್ಟೆ."

"ನೋಡೋಕೆ ಜನ ಬರ್ತಿದ್ರಲ್ಲೋ. ಯಾಕ್ ತೆಗೀಲಿಲ್ಲ?"

ಅವನು ನೆಲ ನೋಡಿದ. "ನೋಡಿದ್ರೆ ಹೊಟ್ಟೆ ಉರೀತಿತ್ತು ಕ್ಯಾಸ್. ಬೆಳಗ್ಗೆಯಿಂದ ಅದರ ಪಕ್ಕ ಕೂತು ಕೂತು ತಲೆ ಕೆಟ್ಟೋಗಿತ್ತು. ಡಚ್ ಓಬರ್ ನನ್ನನ್ನೇ ನೋಡಿ ಹಲ್ಲು ಕಿರೀತಿದ್ದ. ಮುಚ್ಚಿದ್ರೆ ಮುಚ್ಚಿರ್ಲಿ ಅಂತ ಬಿಟ್ಟೆ. ಬಂದವರಿಗೆ ಪೆಟ್ಟಿಗೆ ನಾಳೆ ನೋಡಿ ಅಂದೆ."

ಇದನ್ನು ನ್ಯಾಯಾಲಯದಲ್ಲಿ ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಾರೆ. ನಾನು ನಗಲಿಲ್ಲ. ನಾನೂ ನಿನ್ನೆ ಮಧ್ಯಾಹ್ನ ಆ ಮೇಜಿನ ಕಡೆ ಬೆನ್ನು ಹಾಕಿಯೇ ಕೂತಿದ್ದೆ. ಕಳ್ಳತನ ಆದದ್ದು ರಾತ್ರಿಯಲ್ಲ, ಊಟದ ಹೊತ್ತಿನಲ್ಲಿ, ಆ ಬಟ್ಟೆಯ ಮರೆಯಲ್ಲಿ ಎಂಬುದು ನನಗೆ ಖಚಿತವಾಯಿತು.

"ಕಳ್ಳ ಯಾರು ಅಂತ ನನಗೆ ಗೊತ್ತು," ಎಂದೆ. "ಇನ್ನೊಂದು ಗಳಿಗೆಯಲ್ಲಿ ನಿನ್ನ ಹೆಸರು ತೊಳೆದುಕೊಡ್ತೀನಿ."

ಅವನು ಎದ್ದು ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ನದಿ ಕಡೆ ನೋಡಿದ.

"ಬಿಟ್ಬಿಡು ಕ್ಯಾಸ್. ಹೋದ್ರೆ ಹೋಯ್ತು ಒಂದು ಕಾರ್ಡು."

"ನಿನ್ನ ಹೊರಗೆ ಹಾಕ್ತಾರೆ ಕಣೋ!"

"ಹಾಕ್ಲಿ ಬಿಡು."

ಪಾಪ, ಮನಸ್ಸು ಮುರಿದುಹೋಗಿದೆ ಎಂದುಕೊಂಡೆ. ಅವನ ಬೆನ್ನು ತಟ್ಟಿ ಒಳಗೆ ಬಂದೆ.

* * *

ಕ್ಲೇಟನ್ ಪ್ರೂಯಿಟ್‌ನ ಮೇಜು ಸಭಾಂಗಣದ ಅತ್ಯುತ್ತಮ ಜಾಗದಲ್ಲಿತ್ತು. ಅವನದ್ದು ಯಾವಾಗಲೂ ಅತ್ಯುತ್ತಮ ಜಾಗವೇ. ಫಿಲಡೆಲ್ಫಿಯಾದ ಹಲ್ಲಿನ ಡಾಕ್ಟರು, ಇಸ್ತ್ರಿ ಮಾಡಿದ ಅಂಗಿ, ತಲೆ ತುಂಬ ಬೆಳ್ಳಗಿನ ಕೂದಲು. ಅವನ ಸಂಗ್ರಹದಲ್ಲಿ ಡಚ್ ಓಬರ್ ಒಬ್ಬನೇ ಬಾಕಿ. ನಮ್ಮಲ್ಲಿ ಒಂದೇ ಖಾಲಿ ಜಾಗ ಉಳಿದ ಮನುಷ್ಯನನ್ನು ನಂಬಬಾರದು ಎಂದು ಒಂದು ಮಾತಿದೆ. ಅದನ್ನು ಹುಟ್ಟುಹಾಕಿದವನು ನಾನೇ.

ನಾನು ಇಗ್ನಾಟ್ಸರನ್ನು ಜೊತೆಗೆ ಕರೆದುಕೊಂಡು ಹೋದೆ. ನನ್ನ ಗಾಳ ಬಹಳ ಸರಳವಾಗಿತ್ತು. ಸಂಗ್ರಹಕಾರನ ಎದುರು ಅವನ ತಾಯಿಯನ್ನು ಬೈದರೂ ತಡೆದುಕೊಂಡಾನು. ಅವನ ಕಾರ್ಡಿನ ಬೆನ್ನನ್ನು ತಪ್ಪಾಗಿ ಹೇಳಿದರೆ ಮಾತ್ರ ಸುಮ್ಮನಿರಲಾರ. ಗಂಟಲು ತುಂಬ ಅನ್ನ ಇದ್ದರೂ ಉಗಿದು ತಿದ್ದುತ್ತಾನೆ. ಅಪರೂಪದ ಬೆನ್ನನ್ನು ಮಾಮೂಲಿ ಬೆನ್ನು ಅಂದರಂತೂ ಅವನಿಗೆ ಮೈಗೆ ತುರಿಕೆಸೊಪ್ಪು ಸವರಿದ ಹಾಗೆ.

"ಕ್ಲೇಟನ್, ನಿಮಗೊಂದು ಸುದ್ದಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅಡುಗೆಮನೆಯ ಕಿಂಡಿಯಲ್ಲಿ ಬರ್ನೀಸಿನ ಮುಖ ಕಾಣಿಸಿತು. "ಮರದ ಮೇಲೆ ಅಚ್ಚಿನ ಗುರುತು ಉಳಿದಿದೆ. ಕಳುವಾದ ಓಬರ್ ಕೆಂಪು ಬೆನ್ನಿನದ್ದು. ಮಾಮೂಲಿ ಕೆಂಪು ಬೆನ್ನು."

ನಾನು ಅವನ ಕಣ್ಣುಗಳನ್ನೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆ ಒಂದು ಕ್ಷಣಕ್ಕಾಗಿ ಕಾದಿದ್ದೆ.

ಕ್ಲೇಟನ್ ಕುರ್ಚಿಗೆ ಒರಗಿ, ದೊಡ್ಡದಾಗಿ ಉಸಿರು ಬಿಟ್ಟು, ನಕ್ಕುಬಿಟ್ಟ.

"ಕೆಂಪಾ? ಬರೀ ಕೆಂಪಾ? ಅಯ್ಯೋ, ಬದುಕಿದೆ!"

"ಏನಂದ್ರಿ?"

"ಬೆಳಗ್ಗೆಯಿಂದ ನನ್ನ ಹೊಟ್ಟೆ ಒಲೆ ಆಗಿತ್ತು ಕ್ಯಾಸ್ಪರ್. ಎಲ್ಲಾದ್ರೂ ಅದು ಕೊಕ್ಕರೆ ಬೆನ್ನಾಗಿದ್ರೆ? ಯಾವನೋ ಕೊಕ್ಕರೆ ಓಬರ್ ಜೇಬಲ್ಲಿಟ್ಕೊಂಡು ಓಡಾಡ್ತಿದ್ರೆ ನಾನು ಹೇಗೆ ಬದುಕ್ಲಿ? ಕೆಂಪಾದ್ರೆ ಪರ್ವಾಗಿಲ್ಲ. ಇವತ್ತಲ್ಲ ನಾಳೆ ಇನ್ನೊಂದು ಸಿಗುತ್ತೆ." ಅವನು ಇಗ್ನಾಟ್ಸರ ಮುಖ ನೋಡಿ ನಾಚಿಕೊಂಡ. "ಕ್ಷಮಿಸಿ ಯಜಮಾನ್ರೇ. ನಿಮ್ಮ ಅಣ್ಣನ ನೆನಪಿನ ವಸ್ತು ಹೋದ್ರೆ ನಾನು ಹೀಗೆ ಮಾತಾಡಬಾರ್ದಿತ್ತು."

ಆ ನಗುವಿನಲ್ಲಿ ಕಪಟ ಇರಲಿಲ್ಲ. ಹೊಟ್ಟೆಕಿಚ್ಚು ತಣ್ಣಗಾದವನ ನಗು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು, ಅಂಥದ್ದನ್ನು ನಾನೂ ಕನ್ನಡಿಯಲ್ಲಿ ನೋಡಿಕೊಂಡಿದ್ದೇನೆ. ಇವನು ಕಾರ್ಡಿನ ಬೆನ್ನು ನೋಡಿರಲಿಲ್ಲ. ಇವನು ಕಳ್ಳನಲ್ಲ.

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಪತ್ತೇದಾರ ಮುಚ್ಚಿಕೊಂಡ, ಗಂಡ ಮುಚ್ಚಿಕೊಳ್ಳಲಿಲ್ಲ.

"ಹಾಗಾದ್ರೆ ನಿನ್ನೆ ಎಲ್ರೂ ಊಟಕ್ಕೆ ಕೂತಾಗ ನೀವು ಅಡುಗೆಮನೇಲಿ ಏನ್ ಮಾಡ್ತಿದ್ರಿ?"

"ಈರುಳ್ಳಿ ಹುರೀತಿದ್ದೆ."

"ಹಲ್ಲಿನ ಡಾಕ್ಟರು ಈರುಳ್ಳಿ ಹುರಿಯೋದು ಯಾವಾಗಿನಿಂದ?"

"ಬರ್ನೀಸ್ ಹೇಳಿದ್ರು. ಸ್ವಲ್ಪ ಹೊತ್ತು ಒಲೆ ನೋಡ್ಕೊಳ್ಳಿ, ಬಂದ್ಬಿಡ್ತೀನಿ ಅಂತ ಸೌಟು ಕೈಗೆ ಕೊಟ್ಟು ಹೋದ್ರು. ನಾನು ಸೀಯಿಸಿಬಿಟ್ಟೆ. ವಾಪಸ್ ಬಂದು ನೋಡಿ ಬಿದ್ದು ಬಿದ್ದು ನಕ್ಕರು."

ಬರ್ನೀಸ್ ಹೇಳಿದ್ರು. ಬರ್ನೀಸ್ ನಕ್ಕರು. ನನ್ನ ಕಿವಿಗೆ ಬಿದ್ದದ್ದು ಅಷ್ಟೇ. ನಮ್ಮ ಮನೆಯಲ್ಲಿ ನಾನು ಒಲೆ ಹತ್ತಿರ ಹೋದರೆ ಕೈಗೆ ಏಟು ಕೊಡುವವಳು ಇವನ ಕೈಗೆ ಸೌಟು ಕೊಟ್ಟಳಂತೆ.

"ಬೇರೆಯವರ ಹೆಂಡ್ತಿಯ ಒಲೆ ನೋಡ್ಕೊಳ್ಳೋದು ಬಿಟ್ಟು ನಿಮ್ಮ ಮೇಜು ನೋಡ್ಕೊಳ್ಳಿ ಡಾಕ್ಟ್ರೇ," ಎಂದೆ. ಗಟ್ಟಿಯಾಗಿಯೇ ಅಂದೆ.

ಕ್ಲೇಟನ್‌ನ ಕಿವಿ ಕೆಂಪಾಯಿತು. ಇಗ್ನಾಟ್ಸ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಕಳ್ಳನ್ನ ಹುಡುಕು ಅಂದ್ರೆ ನಿನ್ನ ಹೆಂಡ್ತಿ ಮಾನ ತೆಗೀತೀಯಲ್ಲೋ," ಎಂದರು. "ಸಾಕು ನಿನ್ನ ಪತ್ತೇದಾರಿಕೆ. ಇನ್ನು ಸಂಜೆ ತನಕ ಕಾಯಲ್ಲ, ಊಟದ ಪಾತ್ರೆ ಎತ್ತಿದ ಮೇಲೆ ಮೈಕ್ ಹಾಕಿಸ್ತೀನಿ. ಮೈಲೋನೂ ಬರ್ಲಿ, ನೀನೂ ಬಾ."

ಅಡುಗೆಮನೆಯ ಕಿಂಡಿ ಟಪ್ಪೆಂದು ಮುಚ್ಚಿಕೊಂಡಿತು.

* * *

ಬರ್ನೀಸ್ ನನಗೆ ಬೆನ್ನು ಹಾಕಿ ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ಅವಳ ಏಪ್ರನ್ನು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಒಂದು ಪುಟ್ಟ ಬಟ್ಟಲಲ್ಲಿ ಗೋಧಿಹಿಟ್ಟಿನ ಗಂಜಿಯಂಥದ್ದು ಕೆನೆಗಟ್ಟಿತ್ತು. ಕಡುಬಿನ ಹಿಟ್ಟು ಉಳಿದಿರಬೇಕು ಎಂದುಕೊಂಡೆ.

"ಬಂದ್ಯಾ?" ಎಂದಳು. "ಇನ್ನೂ ಯಾರ್ ಯಾರ ಜೊತೆ ನನ್ನ ಹೆಸರು ಸೇರಿಸೋದು ಬಾಕಿ ಇದೆ? ಹಾಲು ಹಾಕೋನು, ಪೇಪರ್ ಹಾಕೋನು?"

"ಅವನ ಜೊತೆ ನಗ್ತಾ ಇದ್ದೆ."

"ನಗದೆ ಏನ್ ಮಾಡ್ಲಿ? ಇದ್ದಿಲು ಮಾಡಿಟ್ಟಿದ್ದ ಈರುಳ್ಳೀನ. ನಿನ್ನ ಜೊತೆ ನಕ್ಕು ಯಾವ ಕಾಲ ಆಯ್ತು, ನೆನಪಿದ್ಯಾ? ನೀನು ನಗೋದು ಕಾರ್ಡ್ ನೋಡಿದಾಗ ಮಾತ್ರ."

"ಈಗ ಅದೆಲ್ಲ ಯಾಕೆ ಬರ್ನೀಸ್. ಅಲ್ಲಿ ಮೈಲೋನ ಮರ್ಯಾದೆ ಹೋಗ್ತಿದೆ."

"ಗೊತ್ತು," ಎಂದಳು. ಧ್ವನಿ ಇದ್ದಕ್ಕಿದ್ದಂತೆ ತಗ್ಗಿತು. "ಅದೊಂದೇ ನನಗೂ ಸಂಕಟ."

ನಾನು ಸ್ಟೂಲಿನ ಮೇಲೆ ಕುಸಿದೆ. ನನಗೆ ದಣಿವಾಗಿತ್ತು, ಅವಮಾನವಾಗಿತ್ತು, ಸಮಾಧಾನದ ಒಂದು ಮಾತು ಬೇಕಿತ್ತು. "ಒಂದು ಯಃಕಶ್ಚಿತ್ ಕೆಂಪು ಬೆನ್ನಿನ ಕಾರ್ಡಿಗೆ ಇಷ್ಟೆಲ್ಲ ರಂಪ ನೋಡು," ಎಂದು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ.

ಬರ್ನೀಸ್ ಮೂಗು ಮುರಿದಳು.

"ಕೆಂಪಂತೆ! ಮೂವತ್ತು ವರ್ಷ ಇದೇ ಕಸಬು ಮಾಡಿದೀಯ. ನನ್ನ ತಲೆದಿಂಬಿನ ಪಕ್ಕ ಕೂತು ಕೊಕ್ಕರೆ ಕೊಕ್ಕರೆ ಅಂತ ಜಪ ಮಾಡಿದೀಯ. ಕೊನೆಗೆ ಕೊಕ್ಕರೆ ಎದುರಿಗೇ ಬಂದ್ರೆ ಕೆಂಪು ಅಂತ ಡಂಗುರ ಸಾರ್ತೀಯಲ್ಲ. ಒಂಟಿ ಕಾಲಲ್ಲಿ ನಿಂತಿದೆ ಹಸಿರಾಗಿ. ನಿನಗಿಂತ ನಾನೇ..."

ಅವಳ ಕೈ ಪಾತ್ರೆಯಲ್ಲೇ ನಿಂತಿತು.

ನಲ್ಲಿಯ ನೀರು ಮಾತ್ರ ಸುರಿಯುತ್ತಿತ್ತು. ಬೆನ್ನು ತಪ್ಪು ಹೇಳಿದರೆ ತಿದ್ದದೆ ಇರಲಾರದ ಈ ರೋಗ ಸಂಗ್ರಹಕಾರರಿಗೆ ಮಾತ್ರ ಇದೆ ಎಂದುಕೊಂಡಿದ್ದೆ. ಜೊತೆಗೆ ಬಾಳಿದವರಿಗೂ ಅದು ಅಂಟುತ್ತದೆಂದು ನನಗೆ ಹೊಳೆದಿರಲಿಲ್ಲ.

ಒಲೆ ನೋಡ್ಕೊಳ್ಳಿ, ಬಂದ್ಬಿಡ್ತೀನಿ. ಕ್ಲೇಟನ್ ಹೇಳಿದ ಆ ಮಾತು ಈಗ ಪೂರ್ತಿಯಾಗಿ ಕೇಳಿಸಿತು. ಈರುಳ್ಳಿಯ ವಾಸನೆ, ನೀಲಿ ದಾರ, ಬಟ್ಟಲಲ್ಲಿ ಕೆನೆಗಟ್ಟಿದ್ದ ಅಂಟು, ಎಲ್ಲ ಒಂದೇ ಅಡುಗೆಮನೆಯಿಂದ ಬಂದಿದ್ದವು. ನಾನು ನೋಡಬೇಕಾದ ಕಡೆಯೇ ನೋಡುತ್ತಿದ್ದೆ, ಆದರೆ ಪಕ್ಕದಲ್ಲಿದ್ದ ಗಂಡಸನ್ನು ನೋಡುತ್ತಿದ್ದೆ.

ನೀನು ಕದ್ದೆಯಾ ಎಂದು ನಾನು ಕೇಳಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ.

"ಯಾರಿಗೆ?"

ಅವಳು ತಿರುಗಿದಳು. ಕಣ್ಣು ತುಂಬಿತ್ತು, ಆದರೂ ಸಣ್ಣಗೆ ನಕ್ಕಳು.

"ಮೊದ್ಲು ಇ‌ದನ್ನೇ ಕೇಳ್ತೀಯ ಅಂತ ಗೊತ್ತಿತ್ತು. ಅವನಿಗೂ ಅಲ್ಲ, ನಿನಗೂ ಅಲ್ಲ. ನಿನ್ನೆ ಬೆಳಗ್ಗೆ ನೀನು ಆ ಕಾರ್ಡಿನ ಮುಂದೆ ನಿಂತಿದ್ದೆ ನೋಡು, ಬಾಯಿ ಸ್ವಲ್ಪ ತೆರ್ಕೊಂಡು. ಮದುವೆ ದಿನವೂ ನೀನು ನನ್ನನ್ನ ಹಾಗೆ ನೋಡಿಲ್ಲ ಕ್ಯಾಸ್. ಸವತಿ ಆಗಿದ್ರೆ ಜುಟ್ಟು ಹಿಡಿದು ಎಳೀಬಹುದಿತ್ತು. ಇದು ರಟ್ಟಿನ ಚೂರು. ತೆಗೆದು ಒಲೆಗೆ ಹಾಕ್ಬೇಕು ಅಂತಲೇ ತೆಗೆದೆ."

"ಸುಟ್ಟೆಯಾ?" ನನ್ನ ಧ್ವನಿ ಕೀರಲಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ಆಗ್ಲಿಲ್ಲ. ತಿರುಗಿಸಿ ನೋಡಿದೆ. ಕೊಕ್ಕರೆ ಇತ್ತು. ನೀನು ಕನವರಿಸ್ತಿದ್ದ ಕೊಕ್ಕರೆ. ಕೈ ಬರ್ಲಿಲ್ಲ. ಎರಡು ತಟ್ಟೆ ನಡುವೆ ಇಟ್ಟು ಒಣಗಿಸಿದೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ವಾಪಸ್ ಅಂಟಿಸೋಣ ಅಂತ ಹಿಟ್ಟಿನ ಅಂಟೂ ಮಾಡಿಟ್ಟೆ. ಇಗ್ನಾಟ್ಸ್ ಆಗಲೇ ಮುಚ್ಚಳ ಎತ್ತಿದ್ರು."

"ಕೊಡು. ಈಗ್ಲೇ ಕೊಡು. ಎಲ್ಲೋ ಬಿದ್ದು ಸಿಕ್ತು ಅಂತ ಹೇಳ್ತೀನಿ. ಮೈಲೋನೂ ಉಳೀತಾನೆ, ನೀನೂ ಉಳೀತೀಯ."

ಅವಳು ಒದ್ದೆ ಕೈ ಒರೆಸಿಕೊಂಡಳು.

"ಬರ್ನೀಸ್, ಕೊಡು."

"ಅದನ್ನೇ ಹೇಳೋಕೆ ಹೊರಟೆ. ಏಪ್ರನ್ ಜೇಬಲ್ಲಿತ್ತು, ಮೇಣದ ಕಾಗದದಲ್ಲಿ ಸುತ್ತಿ. ನೀನು ಅಲ್ಲಿ ಕೂಗಾಡೋ ಮುಂಚೆ ಮುಟ್ಟಿ ನೋಡ್ಕೊಂಡೆ, ಆಗ್ಲೇ ಇರ್ಲಿಲ್ಲ." ಅವಳು ಬಾಗಿಲ ಹಿಂದಿನ ಮೊಳೆಯ ಕಡೆ ನೋಡಿದಳು. "ಇಲ್ಲ ಕ್ಯಾಸ್. ಜೇಬು ಖಾಲಿ."

ನಾನು ಎದ್ದು ಏಪ್ರನ್ನಿನ ಎರಡೂ ಜೇಬಿಗೆ ಕೈ ಹಾಕಿದೆ. ಒಂದು ಸುಟ್ಟ ಬೆಂಕಿಕಡ್ಡಿ ಸಿಕ್ಕಿತು.

"ಬೆಳಗ್ಗೆಯಿಂದ ಇಲ್ಲಿಗೆ ಯಾರು ಬಂದಿದ್ರು?"

"ಇವತ್ತು ಬಾಗಿಲೊಳಗೆ ಕಾಲಿಟ್ಟವನು ಒಬ್ಬನೇ. ಜೇಬು ಕೊಡವಿಸಿದ್ರಂತಲ್ಲ, ಅದಾದ ಮೇಲೆ ಅಳ್ತಾ ಬಂದ. ನೀರು ಕೊಟ್ಟೆ. ಮುಖ ಒರೆಸ್ಕೊಳ್ಳೋಕೆ ಏನಾದ್ರೂ ಕೊಡು ಅಂದ. ಕೈ ಒದ್ದೆ ಇತ್ತು, ಬಾಗಿಲ ಹಿಂದೆ ಏಪ್ರನ್ ಇದೆ ತಗೋ ಅಂದೆ." ಅವಳು ನಲ್ಲಿ ನಿಲ್ಲಿಸಿದಳು. "ನಾನೇ ಅಂದೆ ಕ್ಯಾಸ್."

ಕಿಂಡಿಯ ಬಾಗಿಲು ಮೆಲ್ಲಗೆ ಸರಿಯಿತು.

ಮೈಲೋ ನಿಂತಿದ್ದ. ಹೊರಗೆ ಇಗ್ನಾಟ್ಸ್ ಮೈಕನ್ನು ತಟ್ಟಿ ನೋಡುವ ಸದ್ದು ಕೇಳಿಸುತ್ತಿತ್ತು. ಅವನು ಬರ್ನೀಸನ್ನು ನೋಡಿದ, ನನ್ನ ಕೈಯಲ್ಲಿದ್ದ ಏಪ್ರನ್ನು ನೋಡಿದ. ಆಮೇಲೆ ಟೋಪಿಯನ್ನು ಎರಡೂ ಕೈಯಿಂದ ತಲೆಗೆ ಗಟ್ಟಿಯಾಗಿ ಒತ್ತಿಕೊಂಡ. ಅದರೊಳಗೆ ಮೇಣದ ಕಾಗದ ಸರಕ್ಕೆಂದಿತು.

"ನನ್ನ ಹೆಸರು ಹೇಳ್ಲಿ ಬಿಡು ಕ್ಯಾಸ್," ಎಂದ. "ನೀನು ಅವಳ ಹೆಸರು ಹೇಳಲ್ಲ ಅಂತ ನನಗೆ ಗೊತ್ತು."